ಮೊದಲ ಟ್ರ್ಯಾಕ್ ಡೇಗೆ ಪೋಲೋ ಕಾರಿಗೆ ಯಾವ ಬ್ರೇಕ್ ಪ್ಯಾಡ್ ಹಾಕಿಸಲಿ?

ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸೋಕೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಹೊರಟಿದ್ದೀರಿ, ಹದಿನೈದು ಸಾವಿರದ ಪ್ಯಾಡ್ ನೋಡಿಟ್ಟಿದ್ದೀರಿ. ನಾಲ್ಕು ವರ್ಷದ ಹಿಂದೆ ನನ್ನದೂ ಅದೇ ಕಾರು, ಅದೇ ಟ್ರ್ಯಾಕು, ಅದೇ ಪ್ರಶ್ನೆ. ದಯವಿಟ್ಟು ಆ ದುಡ್ಡು ಈಗಲೇ ಖರ್ಚು ಮಾಡಬೇಡಿ.

ನಾನು ಖರ್ಚು ಮಾಡಿದೆ. ಪ್ಯಾಡ್ ಹಾಕಿಸಿ, ಖಾಲಿ ರಸ್ತೆಯಲ್ಲಿ ಹತ್ತು ಸಲ ವೇಗ ಇಳಿಸಿ ಅವನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಸರಿಯಾಗಿ ಹೊಂದಿಸಿದೆ. ಬೆಳಗಿನ ಜಾವ ಬೆಂಗಳೂರು ಬಿಟ್ಟು ಚೆನ್ನೈ ಹೈವೇ ಹಿಡಿದರೆ ಟ್ರ್ಯಾಕ್ ದಾರಿಯಲ್ಲೇ ಸಿಗುತ್ತೆ, ಗೊತ್ತಲ್ಲ. ಮೊದಲ ಮೂರು ಲ್ಯಾಪ್ ಅದ್ಭುತವಾಗಿತ್ತು. ಪ್ರತಿ ಸುತ್ತಿಗೂ ಇನ್ನಷ್ಟು ತಡವಾಗಿ ಬ್ರೇಕ್ ಹಿಡಿಯುವ ಧೈರ್ಯ ಬಂತು. ಐದನೇ ಲ್ಯಾಪಿನಲ್ಲಿ ಪೆಡಲ್ ಮೆತ್ತಗಾಯಿತು. ಒಳಗೆ ಬಂದು ನಿಲ್ಲಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಹೊಸ ಪ್ಯಾಡ್ ಅಲ್ವಾ, ಇನ್ನೂ ಹೊಂದಿಕೊಳ್ಳಬೇಕು ಅಂದುಕೊಂಡು ಮತ್ತೆ ಹೊರಟೆ.

ಆ ಸಲ ನಾಲ್ಕನೇ ಲ್ಯಾಪು. ಉದ್ದದ ನೇರ ದಾರಿ ಮುಗಿಯುವಲ್ಲಿ ಕಾಲಿಟ್ಟರೆ ಪೆಡಲ್ ಸೀದಾ ಮ್ಯಾಟಿಗೆ ಹೋಗಿ ಕೂತಿತು. ಒದ್ದೆ ಬಟ್ಟೆ ತುಳಿದ ಹಾಗೆ. ಎರಡು ಸಲ ತುಳಿದೆ, ಏನೂ ಇಲ್ಲ. ಮೂರನೇ ಸಲಕ್ಕೆ ಸ್ವಲ್ಪ ಹಿಡಿಯಿತು. ಗೇರ್ ಇಳಿಸಿದೆ. ಕಾರು ಮಣ್ಣು ದಾಟಿ ಟೈರ್ ಗೋಡೆಗೆ ಹೊಡೆಯಿತು. ಬಂಪರ್, ರೇಡಿಯೇಟರ್, ಎಡಗಡೆ ಹೆಡ್‌ಲೈಟ್ ಹೋದವು. ನನಗೇನೂ ಆಗಲಿಲ್ಲ, ಅದೊಂದು ಪುಣ್ಯ. ಬಿಲ್ಲು 62,000. ಕಾರನ್ನು ವಾಪಸ್ ಹೊತ್ತು ತಂದ ಖರ್ಚು ಬೇರೆ.

ಪ್ಯಾಡ್ ತಪ್ಪೇ ಇರಲಿಲ್ಲ. ಕಾಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಒಯ್ಯುವ ಬ್ರೇಕ್ ಆಯಿಲ್ ನಾನು ಬದಲಿಸಿರಲಿಲ್ಲ. ಗ್ಯಾರೇಜಿನಲ್ಲಿ ಬ್ಲೀಡ್ ಮಾಡುವಾಗ, ಅಂದರೆ ಹಳೆ ಆಯಿಲ್ ಹೊರಗೆ ತೆಗೆಯುವಾಗ ನೋಡಿದೆ. ಹುಡುಗ ಒಳಗೆ ಕೂತು ಒತ್ತುತ್ತಿದ್ದ, ಮೆಕ್ಯಾನಿಕ್ ಚಕ್ರದ ಹತ್ತಿರ ಕೂತು "ಒತ್ತು, ಹಿಡ್ಕೋ, ಬಿಡು" ಅನ್ನುತ್ತಿದ್ದರು. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್, ನಡುನಡುವೆ ಸಣ್ಣ ಗುಳ್ಳೆಗಳು. ಮೂರು ವರ್ಷದ ಆಯಿಲ್. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತೆ. ಡಾಟ್ 4 ಅನ್ನೋದು ಬ್ರೇಕ್ ಆಯಿಲಿನ ಒಂದು ದರ್ಜೆ; ಹೊಸದಾಗಿದ್ದಾಗ ಅದು ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಗಂಟೆಗೆ 160 ಕಿ.ಮೀ.ಯಿಂದ 80ಕ್ಕೆ ಒಂದೇ ಸಲ ಬ್ರೇಕ್ ಹಿಡಿದರೂ ಮುಂದಿನ ಡಿಸ್ಕ್ ಸುಮಾರು ನೂರು ಡಿಗ್ರಿ ಏರುತ್ತೆ. ಆ ಬಿಸಿ ಪ್ಯಾಡ್ ದಾಟಿ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ಇಳಿಯುತ್ತೆ. ಆಯಿಲ್ ಕುದಿದರೆ ಆವಿ. ಆವಿ ಒತ್ತಿದರೆ ಕುಗ್ಗುತ್ತೆ, ನಿಮ್ಮ ಕಾಲಿನ ಬಲ ಅಲ್ಲೇ ಮುಗಿಯುತ್ತೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತೆ, ಪೆಡಲ್ ಗಟ್ಟಿಯಾಗುತ್ತೆ. ನಾನು ಮೋಸ ಹೋಗಿದ್ದು ಆ ಇಪ್ಪತ್ತು ನಿಮಿಷದಲ್ಲಿ.

ಇನ್ನೊಂದು ಮಾತು. ಕಾರಿನ ಜೊತೆ ಬಂದ ಕಂಪನಿ ಪ್ಯಾಡ್ ಇದ್ದಿದ್ದರೆ ಮೊದಲು ಅದೇ ಸೋಲುತ್ತಿತ್ತು. ಪೆಡಲ್ ಗಟ್ಟಿಯಾಗೇ ಇರುತ್ತೆ, ಕಾರು ಮಾತ್ರ ನಿಲ್ಲಲ್ಲ, ವಾಸನೆ ಬರುತ್ತೆ. ನೀವೇ ನಿಧಾನ ಮಾಡ್ತೀರಿ. ನನ್ನ ಒಳ್ಳೆ ಪ್ಯಾಡ್ ಆ ಎಚ್ಚರಿಕೆ ಕೊಡದೆ ಹಿಡಿಯುತ್ತಲೇ ಹೋಯಿತು, ನಾನು ಬಿಸಿ ತುಂಬುತ್ತಲೇ ಹೋದೆ.

ಹಾಗಾಗಿ "ಯಾವ ಪ್ಯಾಡ್" ಅನ್ನೋದು ನಿಮ್ಮ ಈಗಿನ ಪ್ರಶ್ನೆಯೇ ಅಲ್ಲ. ಹೋಗುವ ವಾರ ಸೀಲ್ ಒಡೆಯದ ಡಾಟ್ 4 ಅಥವಾ 5.1 ಡಬ್ಬಿ ತಂದು ನಾಲ್ಕೂ ಚಕ್ರಕ್ಕೆ ಆಯಿಲ್ ಬದಲಿಸಿ. ಬರೀ ಡಾಟ್ 5 ಅಂತ ಇರೋದು ಸಿಲಿಕಾನ್, ಅದು ಬೇಡವೇ ಬೇಡ. ಕಂಪನಿ ಪ್ಯಾಡ್ ದಪ್ಪ ಇದ್ದರೆ ಮೊದಲ ದಿನಕ್ಕೆ ಅದೇ ಸಾಕು. ಮೂರು ಲ್ಯಾಪ್ ಜೋರಾಗಿ ಓಡಿಸಿ, ಒಂದು ಲ್ಯಾಪ್ ಬ್ರೇಕ್ ಮುಟ್ಟದ ಹಾಗೆ ಸುಮ್ನೆ ಸುತ್ತಿ ಒಳಗೆ ಬನ್ನಿ. ನಿಲ್ಲಿಸಿದ ಮೇಲೆ ಪೆಡಲ್ ಮೇಲೆ ಕಾಲಿಟ್ಟು ಕೂರಬೇಡಿ, ಹ್ಯಾಂಡ್‌ಬ್ರೇಕ್ ಎಳೀಬೇಡಿ, ಗೇರಿನಲ್ಲಿ ಬಿಡಿ. ಪೆಡಲ್ ಒಂದು ಸಲ ಮೆತ್ತಗಾಯಿತೋ, ಅವತ್ತಿನ ಟ್ರ್ಯಾಕ್ ಮುಗೀತು. ಪೂರ್ತಿ ರೇಸ್ ಪ್ಯಾಡ್ ಮಾತ್ರ ಖಂಡಿತ ಬೇಡ. ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯಲ್ಲ, ನೀವು ಅದೇ ಕಾರಲ್ಲಿ ಮನೆಗೆ ಬರಬೇಕಲ್ಲ.

ಸರ್ವಿಸ್ ಬುಕ್ ತೆಗೆದು ಆಯಿಲ್ ಯಾವಾಗ ಬದಲಿಸಿದ್ದು ಅಂತ ನೋಡಿ ಇಲ್ಲೇ ಹೇಳಿ. ಪ್ಯಾಡ್ ಬಗ್ಗೆ ಆಮೇಲೆ ಮಾತಾಡೋಣ.