ದಪ್ಪ ಇರುವವರು ಬಸುರಿನಲ್ಲಿ ತೂಕ ಇಳಿಸಲು ಹೋಗಬೇಡಿ, ಚೆಕಪ್ ತಪ್ಪಿಸಬೇಡಿ

ಬಸುರಾಗಿ ಮೂರು ತಿಂಗಳು, ತೂಕ 86 ಕೆಜಿ, ಹೆರಿಗೆಯೊಳಗೆ ಎಷ್ಟು ಇಳಿಸಬಹುದು, ಜನರ ಮಾತು ಕೇಳಿ ಧೈರ್ಯವೇ ಹೋಗಿದೆ ಅಂತ ಬರೆದಿದ್ದೀರಿ. ನನ್ನ ಮೊದಲ ಬಸುರಿನಲ್ಲಿ ನಾನು 88 ಕೆಜಿ ಇದ್ದೆ, ಎತ್ತರ ಐದು ಅಡಿ ಮೂರು ಇಂಚು. ನಾನೂ ಇದೇ ಲೆಕ್ಕ ಹಾಕಿದ್ದೆ. ದಯವಿಟ್ಟು ಆ ಲೆಕ್ಕ ಈಗ ಬಿಟ್ಟುಬಿಡಿ.

ಆಗ ನಾವು ದಾವಣಗೆರೆಯಲ್ಲಿದ್ದೆವು. ಮೊದಲ ಚೆಕಪ್‌ಗೆ ಹೋದ ಆಸ್ಪತ್ರೆಯಲ್ಲಿ ತೂಕದ ಮಷಿನ್ ವರಾಂಡದಲ್ಲೇ ಇತ್ತು, ಸುತ್ತ ಬೆಂಚಿನ ಮೇಲೆ ಜನ. ನಾನು ಹತ್ತಿ ನಿಂತೆ. ಸಿಸ್ಟರ್ ಆ ಕಡೆ ಬರೆದುಕೊಳ್ಳುತ್ತಿದ್ದ ಹುಡುಗಿಗೆ "ಎಂಬತ್ತೆಂಟು!" ಅಂತ ಕೂಗಿ ಹೇಳಿದರು. ಎಲ್ಲರೂ ತಿರುಗಿ ನೋಡಿದರು. ಒಳಗೆ ಡಾಕ್ಟರ್ ತಲೆ ಎತ್ತದೆಯೇ "ಇಷ್ಟು ತೂಕ ಇಟ್ಕೊಂಡು ಬಸುರಿ ಆದ್ರೆ ಹೇಗಮ್ಮಾ, ಮೊದಲು ಇಳಿಸ್ಬೇಕಿತ್ತಲ್ವಾ" ಅಂದರು. ಏನು ತಿನ್ನುತ್ತೀಯ, ಎಷ್ಟು ನಡೆಯುತ್ತೀಯ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಒಂದೂ ಕೇಳಲಿಲ್ಲ. ನಮ್ಮಪ್ಪನಿಗೆ ಶುಗರ್ ಇತ್ತು. ಅದನ್ನು ಹೇಳುವಷ್ಟು ಬಾಯಿ ನನಗೆ ಬರಲಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಯಜಮಾನರ ಬಲವಂತಕ್ಕೆ ಹೋದೆ. ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಅದು, 18ರಿಂದ 20ನೇ ವಾರದ ಹೊತ್ತಿಗೆ ಮಾಡುತ್ತಾರೆ. "ಹೊಟ್ಟೆ ದಪ್ಪ, ಹೃದಯ ಸರಿಯಾಗಿ ಕಾಣ್ತಿಲ್ಲ, ಇನ್ನೊಂದ್ಸಲ ಬನ್ನಿ" ಅಂದರು. ಹೊಟ್ಟೆಯ ಕೊಬ್ಬಿನ ಪದರ ದಪ್ಪ ಇದ್ದರೆ ಚಿತ್ರ ಮಂಜಾಗುವುದು ಮಾಮೂಲು. ಒಂದೆರಡು ವಾರ ಬಿಟ್ಟು ಮತ್ತೆ ನೋಡಿದರೆ ಎಷ್ಟೋ ಸಲ ಕಾಣುತ್ತದೆ. ಅಷ್ಟು ಹೇಳಿದ್ದರೆ ಸಾಕಿತ್ತು. ನನಗೆ ಕೇಳಿಸಿದ್ದು ಮಾತ್ರ "ನಿನ್ನ ಮೈಯಿಂದ ನಿನ್ನ ಮಗುವನ್ನೇ ನೋಡೋಕಾಗ್ತಿಲ್ಲ" ಅಂತ.

ಅವತ್ತು ರಾತ್ರಿ ತೀರ್ಮಾನ ಮಾಡಿದೆ. ಐದಾರು ಕೆಜಿ ಇಳಿಸಿಕೊಂಡೇ ಇನ್ನು ಆಸ್ಪತ್ರೆಗೆ ಹೋಗುವುದು.

ನನಗೆ ಮುಳುವಾದದ್ದು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಅದೇ ದಾರಿಯ ಬಾಗಿಲಲ್ಲಿ ನಿಂತ ಹಾಗಿದೆ.

ಬೆಳಿಗ್ಗೆ ತಿಂಡಿ ಬಿಟ್ಟೆ. ಮಧ್ಯಾಹ್ನ ಒಂದು ಚಪಾತಿ. ರಾತ್ರಿ ಬರೀ ಹಣ್ಣು. ಅದು ಮಾವಿನ ಕಾಲ. ಹಣ್ಣು ಆರೋಗ್ಯಕ್ಕೆ ಒಳ್ಳೆಯದು ಅಂತ ಬಾದಾಮಿ, ರಸಪುರಿ ತಟ್ಟೆ ತುಂಬಾ ಹೆಚ್ಚಿಕೊಂಡು ಕೂರುತ್ತಿದ್ದೆ. ಹಸಿವು ತಡೆಯದಿದ್ದರೆ ಬೆಲ್ಲ ಹಾಕಿದ ರಾಗಿ ಗಂಜಿ. ಹಗಲೆಲ್ಲ ಉಪವಾಸ, ರಾತ್ರಿ ಒಂದೇ ಸಲಕ್ಕೆ ಅಷ್ಟು ಸಿಹಿ. ಆ ತಿಂಗಳಲ್ಲಿ ಮಾಡಬೇಕಿದ್ದ ಶುಗರ್ ಟೆಸ್ಟನ್ನೂ ಮಾಡಿಸಲಿಲ್ಲ. ಮನೆಯಲ್ಲಿ ಕೇಳಿದರೆ "ಮುಂದಿನ ವಾರ" ಅನ್ನುತ್ತಿದ್ದೆ.

ಆ ಟೆಸ್ಟಿಗೆ 24ರಿಂದ 28ನೇ ವಾರ ಅಂತ ಯಾಕೆ ಇಟ್ಟಿದ್ದಾರೆ ಗೊತ್ತಾ? ಬಸುರು ಬೆಳೆದಂತೆ ಮಾಸುವಿನಿಂದ ಕೆಲವು ಹಾರ್ಮೋನುಗಳು ಬರುತ್ತವೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನ್ ಕೆಲಸಕ್ಕೆ ಅವು ಅಡ್ಡ ನಿಲ್ಲುತ್ತವೆ. ಐದು ತಿಂಗಳು ದಾಟಿದ ಮೇಲೆ ಆ ಅಡ್ಡಿ ಜೋರಾಗುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇರುವವರಿಗೆ, ಮನೆಯಲ್ಲಿ ಶುಗರ್ ಇರುವವರಿಗೆ ಇನ್ಸುಲಿನ್ ಮೊದಲೇ ಸಾಲದೆ ಇರಬಹುದು. ಹಾಗಾಗಿ ಯಾವತ್ತೂ ಶುಗರ್ ಇರದವರಿಗೂ ಆಗ ಬರುತ್ತದೆ. ತಾಯಿಯ ರಕ್ತದ ಸಕ್ಕರೆ ಮಗುವಿಗೆ ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನೆಲ್ಲ ಅರಗಿಸಲು ಮಗು ತಾನೇ ಇನ್ಸುಲಿನ್ ಜಾಸ್ತಿ ತಯಾರಿಸುತ್ತದೆ, ದಪ್ಪ ಬೆಳೆಯುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುತ್ತಾರೆ, ಸಕ್ಕರೆ ಬರುವುದು ನಿಲ್ಲುತ್ತದೆ. ಆದರೆ ಮಗುವಿನ ಮೈಯಲ್ಲಿ ಇನ್ಸುಲಿನ್ ಹಾಗೇ ಇರುತ್ತದೆ. ಸಕ್ಕರೆ ಧಡ್ ಅಂತ ಕುಸಿಯುತ್ತದೆ.

ನನ್ನ ಮಗನಿಗೆ ಆದದ್ದು ಇದೇ. ಎಂಟನೇ ತಿಂಗಳಲ್ಲಿ ತಡೆಯಲಾಗದ ಬಾಯಾರಿಕೆ ಶುರುವಾಗಿ, ತವರಿಗೆ ಹೋದಾಗ ಅಮ್ಮ ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ 200 ದಾಟಿತ್ತು. 140 ಮುಟ್ಟಿದರೇ ಬಸುರಿನ ಶುಗರ್ ಅಂತ ಲೆಕ್ಕ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಸುತ್ತಲಿನ ನೀರು ಜಾಸ್ತಿ, ಮಗು ದಪ್ಪ. ಇನ್ಸುಲಿನ್ ಶುರು ಮಾಡಿದರು. 38ನೇ ವಾರಕ್ಕೆ ಸಿಜೇರಿಯನ್ ಆಯಿತು. ಮಗು ಅತ್ತಿತು, ಒಂದು ಕ್ಷಣ ತೋರಿಸಿದರು, ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ ಕೊಂಡೊಯ್ದರು. ಹಿಮ್ಮಡಿ ಚುಚ್ಚಿ ಚುಚ್ಚಿ ಸಕ್ಕರೆ ನೋಡುತ್ತಿದ್ದರಂತೆ, ಕೈಗೆ ಡ್ರಿಪ್. ನಾನು ಮಹಡಿ ಮೇಲಿನ ವಾರ್ಡಿನಲ್ಲಿ ಹೊಲಿಗೆ ಹಿಡಿದುಕೊಂಡು ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲೆಲ್ಲ ಮಕ್ಕಳು.

ಮಗ ಈಗ ಚೆನ್ನಾಗಿದ್ದಾನೆ, ಸ್ಕೂಲಿಗೆ ಹೋಗುತ್ತಾನೆ. ಆದರೆ ಆ ಟೆಸ್ಟ್ ಹೊತ್ತಿಗೆ ಸರಿಯಾಗಿ ಆಗಿದ್ದರೆ ಅವನಿಗೆ ಆ ಸೂಜಿಗಳು ಬೇಕಿರಲಿಲ್ಲವೇನೋ. ಕಾರಣ ನನ್ನ 88 ಕೆಜಿ ಮಾತ್ರ ಅಲ್ಲ. 88 ಕೆಜಿಯವಳಿಗೇ ಎಲ್ಲರಿಗಿಂತ ಮೊದಲು ಆಗಬೇಕಿದ್ದ ಚೆಕಪ್ ನಾಚಿಕೆಯಿಂದ ನಿಂತುಹೋಗಿತ್ತು. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಸೊನ್ನೆ ಕೆಜಿ. ಬಸುರಿನಲ್ಲಿ ಡಯಟ್ ಮಾಡಿ ಇಳಿಸುವ ಗುರಿ ಇಟ್ಟುಕೊಳ್ಳಬಾರದು. ಹೊಟ್ಟೆ ಕಟ್ಟಿದರೆ ಮೈ ಕೊಬ್ಬು ಕರಗಿಸಿ ಕೀಟೋನ್ ಅನ್ನುವ ರಾಸಾಯನಿಕ ಮಾಡುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ. ಹಾಗಂತ "ಇಬ್ಬರ ಊಟ ಮಾಡು" ಅನ್ನುವವರ ಮಾತೂ ಕೇಳಬೇಡಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಒಂದು ಅಳತೆ ಕೊಟ್ಟಿದೆ, ಇಲ್ಲಿನ ಡಾಕ್ಟರುಗಳೂ ಅದನ್ನು ನೋಡುತ್ತಾರೆ. ಬಿಎಂಐ ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ಅದು 25ರಿಂದ 30ರೊಳಗೆ ಇದ್ದವರಿಗೆ ಇಡೀ ಬಸುರಿನಲ್ಲಿ 7ರಿಂದ 11.5 ಕೆಜಿ ಏರಿಕೆ, 30 ಮತ್ತು ಅದಕ್ಕಿಂತ ಮೇಲಿದ್ದವರಿಗೆ 5ರಿಂದ 9 ಕೆಜಿ. ಬಸುರಿಗೆ ಮುಂಚಿನ ತೂಕದ ಮೇಲೆ ಈ ಲೆಕ್ಕ. ಅಂದರೆ ನಿಮ್ಮ ತೂಕ ಏರುತ್ತದೆ, ಏರಬೇಕು, ನಿಧಾನವಾಗಿ.

ಎರಡನೇ ಬಸುರಿನಲ್ಲಿ ನನ್ನ ತೂಕ ಇನ್ನೂ ಜಾಸ್ತಿ ಇತ್ತು. ಆದರೂ ಅದು ಎಷ್ಟೋ ನೆಮ್ಮದಿಯ ಬಸುರು. ಡಾಕ್ಟರನ್ನು ಬದಲಾಯಿಸಿದೆ. ಹೊಸ ಡಾಕ್ಟರ್ ಮೊದಲು ಕೇಳಿದ್ದು "ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದ್ರಿ, ಹೇಳಿ" ಅಂತ. ಬೈಯುವ ಡಾಕ್ಟರ್ ಸಿಕ್ಕರೆ ಚೆಕಪ್ ಬಿಡಬೇಡಿ, ಡಾಕ್ಟರನ್ನು ಬಿಡಿ. ಬದಲಾಯಿಸುವ ಅನುಕೂಲ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಖು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ. ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಗೆ ಎಲ್ಲ ಗೊತ್ತಿರುತ್ತದೆ.

ತೂಕ ನೋಡುವಾಗ ಸಿಸ್ಟರ್‌ಗೆ "ಅಕ್ಕಾ, ಕೂಗಬೇಡಿ, ಕಾರ್ಡಲ್ಲಿ ಬರೆದುಬಿಡಿ" ಅಂದೆ. ಅವರು ಬರೆದರು, ಅಷ್ಟೇ. ಕೇಳಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ.

ಬಿಪಿ ವಿಷಯ ಬಹಳ ಮುಖ್ಯ. ತೋಳು ದಪ್ಪ ಇದ್ದವರಿಗೆ ಮಾಮೂಲಿ ಪಟ್ಟಿ ಬಿಗಿಯಾಗಿ ಸುತ್ತಿ ನೋಡಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ನನಗೆ ಒಮ್ಮೆ ಹಾಗೇ ಜಾಸ್ತಿ ಬಂದು ಮನೆಯವರೆಲ್ಲ ಹೆದರಿದರು. ದೊಡ್ಡ ಪಟ್ಟಿ ತರಿಸಿ ನೋಡಿದರೆ ಸರಿ ಇತ್ತು. "ದೊಡ್ಡ ಕಫ್ ಇದೆಯಾ?" ಅಂತ ಪ್ರತಿ ಸಲ ಕೇಳಿ. ಆದರೆ ಬಿಪಿ ನಿಜವಾಗಿ ಏರುವ ಸಾಧ್ಯತೆಯೂ ನಮ್ಮಂಥವರಿಗೆ ಹೆಚ್ಚು. ವಿಪರೀತ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮುಖ ಕೈ ಇದ್ದಕ್ಕಿದ್ದ ಹಾಗೆ ಊದುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ಮಗು ಒದೆಯುವುದು ಕಮ್ಮಿ ಅನಿಸಿದರೂ ಅಷ್ಟೇ. "ನೀವು ದಪ್ಪ ಇದ್ದೀರಲ್ಲ, ಅದಕ್ಕೆ ಗೊತ್ತಾಗಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಹೋಗಿ ತೋರಿಸಿ.

ಊಟದಲ್ಲಿ ನಾನು ಮಾಡಿದ್ದು ಇಷ್ಟು. ಮೂರು ಹೊತ್ತು ಊಟ, ನಡುವೆ ಒಂದೆರಡು ಸಲ ಸಣ್ಣದೇನಾದರೂ. ಒಂದು ಹೊತ್ತೂ ತಪ್ಪಿಸಲಿಲ್ಲ. ತಟ್ಟೆಯಲ್ಲಿ ಮೊದಲು ಸೊಪ್ಪು ಕಾಳಿನ ಸಾರು, ಪಲ್ಯ, ಹೆಸರುಬೇಳೆ ಕೋಸಂಬರಿ, ಮೊಟ್ಟೆ. ಆಮೇಲೆ ಉಳಿದ ಜಾಗಕ್ಕೆ ಅರ್ಧ ಮುದ್ದೆ ಅಥವಾ ಸ್ವಲ್ಪ ಅನ್ನ. ರಾಗಿ ಅಂದರೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಏರುತ್ತದೆ. ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ ಏರುತ್ತದೆ. ಹಣ್ಣು ತಿನ್ನಬಹುದು, ಒಂದು ಸೀಬೆ, ಒಂದು ಕಿತ್ತಳೆ. ಜ್ಯೂಸ್ ಬೇಡ. ಊಟ ಆದಮೇಲೆ ಹದಿನೈದು ನಿಮಿಷ ಮಹಡಿ ಮೇಲೆ ಅಡ್ಡಾಡುತ್ತಿದ್ದೆ. ವಾರಕ್ಕೆ 150 ನಿಮಿಷ ನಡಿಗೆ ಅನ್ನುತ್ತಾರಲ್ಲ, ಹೀಗೆ ತುಂಡು ತುಂಡಾಗಿ ಆಗಿಬಿಡುತ್ತದೆ. ಡಾಕ್ಟರ್ ಬೇಡ ಅಂದಿದ್ದರೆ ಮಾತ್ರ ಬಿಡಿ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಕಬ್ಬಿಣದ ಮಾತ್ರೆಯ ಜೊತೆ ಕಾಫಿ ಟೀ ಬೇಡ.

ಅತ್ತೆ ತುಪ್ಪ ಸುರಿದು ಅಂಟಿನುಂಡೆ ಕಟ್ಟಿ ಡಬ್ಬ ತುಂಬಿಸಿಟ್ಟಿದ್ದರು. ಬೇಡ ಅಂದರೆ ಮುನಿಸು. ಎರಡನೇ ಸಲವೂ ಶುಗರ್ ಬಂತು, ಆದರೆ ಬೇಗ ಗೊತ್ತಾಯಿತು. ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಂಡಿದ್ದೆ. ಖಾಲಿ ಹೊಟ್ಟೆಯಲ್ಲಿ 95ರ ಕೆಳಗೆ, ಊಟವಾಗಿ ಎರಡು ಗಂಟೆಗೆ 120ರ ಕೆಳಗೆ ಇರಬೇಕು ಅಂದಿದ್ದರು. ಒಂದು ದಿನ ಉಂಡೆ ತಿಂದು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬೆರಳು ಚುಚ್ಚಿದೆ. ನಂಬರ್ ನೋಡಿ ಅವರೇ ಡಬ್ಬ ಎತ್ತಿ ನಾದಿನಿಯ ಮಕ್ಕಳಿಗೆ ಕೊಟ್ಟರು. ಮರುದಿನದಿಂದ ಮೊಳಕೆಕಾಳು ಕಟ್ಟುವ ಕೆಲಸ ಅವರದೇ. ವಾದ ಮಾಡಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನು ಧೈರ್ಯದ ಮಾತು. ಮೊದಲು ಧೈರ್ಯ ಬರಲಿ, ಆಮೇಲೆ ಜನರ ನಡುವೆ, ಆಸ್ಪತ್ರೆಗೆ, ಸೀಮಂತಕ್ಕೆ ಹೋಗೋಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನಗೆ ಧೈರ್ಯ ಮೊದಲು ಬರಲೇ ಇಲ್ಲ. ಹೆದರಿಕೊಂಡೇ ಹೋದೆ, ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಹೋಗಿ ಬಂದ ಮೇಲೆ ಸ್ವಲ್ಪ ಸ್ವಲ್ಪ ಬಂತು. ಸೀಮಂತಕ್ಕೆ ಬಳೆಗಾರರನ್ನು ಮುಂಚೆಯೇ ಕರೆಸಿ ನನ್ನ ಅಳತೆಯ ಹಸಿರು ಬಳೆ, 2.10, ತೆಗೆದಿಡಲು ಹೇಳಿದ್ದೆ. ಮೊದಲ ಸಲ ಅದನ್ನು ಯಾರೂ ಯೋಚಿಸಿರಲಿಲ್ಲ, ಸೋಪು ಹಚ್ಚಿ ಎಳೆದಾಡಿ ಎಲ್ಲರ ಮುಂದೆ ಬಳೆ ಒಡೆದು, ನಾನು ಒಳಗೆ ಹೋಗಿ ಅತ್ತಿದ್ದೆ. ಬಟ್ಟೆಯೂ ಹಾಗೇ. ಸಡಿಲದ ಕಾಟನ್ ನೈಟಿ, ಕುರ್ತಾ ಈಗಲೇ ನಾಲ್ಕು ಹೊಲಿಸಿಕೊಳ್ಳಿ, ಹೆರಿಗೆ ಆದಮೇಲೆ ನೋಡೋಣ ಅಂತ ಬಿಡಬೇಡಿ. ಹೊಟ್ಟೆಯ ಮಡಿಕೆ ಕೆಳಗೆ, ಎದೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಡಿ. ಸಿಜೇರಿಯನ್ ಆದರೆ ಹೊಲಿಗೆ ಅದೇ ಮಡಿಕೆಯ ಕೆಳಗೆ ಬರಬಹುದು. ನಮಗೆ ಅಲ್ಲಿ ಕೀವಾಗುವ ಭಯ ಜಾಸ್ತಿ, ಹಾಗಾಗಿ ಒದ್ದೆ ಇರಲು ಬಿಡಲೇಬಾರದು.

ಎದೆಹಾಲು ಒಂದೆರಡು ದಿನ ತಡವಾಗಿ ಇಳಿಯಬಹುದು. ಹಾಲೇ ಇಲ್ಲ ಅಂತ ಯಾರಾದರೂ ತೀರ್ಪು ಕೊಟ್ಟರೆ ಕೈಬಿಡಬೇಡಿ, ಮಗುವನ್ನು ಮತ್ತೆ ಮತ್ತೆ ಎದೆಗೆ ಹಾಕಿ. ಎದೆ ದೊಡ್ಡದಿದ್ದರೆ ಮಗುವನ್ನು ತೊಡೆ ಮೇಲೆ ಮಲಗಿಸುವ ಬದಲು ಕಂಕುಳ ಪಕ್ಕಕ್ಕೆ ತಂದು, ಕಾಲು ಹಿಂದಕ್ಕೆ ಬರುವಂತೆ ಹಿಡಿದರೆ ಸುಲಭ. ಇದನ್ನು ನನಗೆ ಒಬ್ಬ ಸಿಸ್ಟರ್ ತೋರಿಸಿಕೊಟ್ಟರು. ಬಸುರಿನಲ್ಲಿ ಶುಗರ್ ಬಂದಿದ್ದರೆ ಹೆರಿಗೆಯಾದ ಆರು ವಾರಕ್ಕೆ ಮತ್ತೆ ಟೆಸ್ಟ್ ಇರುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ತುಂಬಾ ಜನ ಅದನ್ನು ಮರೆಯುತ್ತಾರೆ.

ನಿಮಗೆ ಈಗ ಮೂರು ತಿಂಗಳು, ಹಾಗಾಗಿ ಈ ವಾರವೇ ಕೇಳಬೇಕಾದ್ದು ಮೂರಿವೆ. ಒಂದು, ಮೊದಲ ಶುಗರ್ ಟೆಸ್ಟ್ ಆಗಿದೆಯಾ? 24ನೇ ವಾರದವರೆಗೆ ಕಾಯಬೇಕಿಲ್ಲ. ಮೊದಲ ಚೆಕಪ್‌ನಲ್ಲೇ ಒಂದು, 24ರಿಂದ 28ನೇ ವಾರದಲ್ಲಿ ಇನ್ನೊಂದು ಅಂತ ನಮ್ಮ ಸರ್ಕಾರದ ನಿಯಮವೇ ಇದೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ರಕ್ತ ಕೊಡುವುದು. ಚೆನ್ನೈನ ಡಾ. ವಿ. ಶೇಷಯ್ಯ ಅವರಂಥವರ ಕೆಲಸದಿಂದ ನಮ್ಮ ದೇಶದಲ್ಲಿ ಬಳಕೆಗೆ ಬಂದ ವಿಧಾನ ಇದು. ತಿಂದು ಹೋದರೂ ಮಾಡುತ್ತಾರೆ, ಖಾಲಿ ಹೊಟ್ಟೆಯಲ್ಲೇ ಹೋಗಬೇಕು ಅಂತಿಲ್ಲ. ಎರಡು, ಫೋಲಿಕ್ ಆಸಿಡ್ ನನ್ನ ತೂಕಕ್ಕೆ ಎಷ್ಟು ಬೇಕು? ಮೂರು, ಬಿಪಿ ಏರದಂತೆ ಕಡಿಮೆ ಡೋಸಿನ ಆಸ್ಪಿರಿನ್ ನನಗೆ ಬೇಕಾ? ಅದನ್ನು ಕೊಡುವುದಾದರೆ 12ನೇ ವಾರದ ನಂತರ, 16ನೇ ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ನೀವಾಗಿಯೇ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ, ಡಾಕ್ಟರ್ ಬರೆದುಕೊಡಲಿ. ಮನೆಯಲ್ಲಿ ಯಾರಿಗೆ ಶುಗರ್, ಯಾರಿಗೆ ಬಿಪಿ ಇದೆ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿಬಿಡಿ.