ಇಲಿಗಳ ಡೈಲಿ ಶೀಟ್‌ನಲ್ಲಿ ಬಿಟ್ಟುಹೋದ ದಿನಗಳನ್ನು ಇನ್ಸ್‌ಪೆಕ್ಷನ್‌ಗೆ ಮುಂಚೆ ತುಂಬಿಸಬಹುದಾ?

ತುಂಬಿಸಬೇಡಿ. ನಿಮ್ಮದು ಎಂ.ಫಾರ್ಮ್ ಎರಡನೇ ವರ್ಷ, ಡಯಾಬಿಟಿಸ್ ಇಲಿಗಳ ಮೇಲೆ ಪ್ರಾಜೆಕ್ಟ್, ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯವರು ಬರುವ ದಿನ ಹತ್ತಿರ, ಶೀಟ್‌ನಲ್ಲಿ ಅಲ್ಲಲ್ಲಿ ಖಾಲಿ, ಇನ್ಸ್‌ಪೆಕ್ಷನ್ ‘ಪಾಸ್ ಆಗೋದು’ ಹೇಗೆ ಅನ್ನುವುದು ನಿಮ್ಮ ಪ್ರಶ್ನೆ. ಇದೇ ಪರಿಸ್ಥಿತಿಯಲ್ಲಿ ನಾನೂ ಇದ್ದೆ. ನಾನು ತುಂಬಿಸಿದೆ.

ಡಯಾಬಿಟಿಸ್‌ನಿಂದ ಹಾಳಾಗುವ ಕಿಡ್ನಿಯನ್ನು ಒಂದು ಗಿಡದ ಸಾರ ಕಾಪಾಡುತ್ತದಾ ಅಂತ ನೋಡುವುದು ನನ್ನ ಪ್ರಾಜೆಕ್ಟ್. ವಿಸ್ಟಾರ್ ಅನ್ನುವ ಲ್ಯಾಬ್ ತಳಿಯ ಇಲಿಗಳು. ಸ್ಟ್ರೆಪ್ಟೊಜೊಟೊಸಿನ್ ಕೊಟ್ಟರೆ ಇನ್ಸುಲಿನ್ ಮಾಡುವ ಕೋಶಗಳು ಸಾಯುತ್ತವೆ, ಸಕ್ಕರೆ ಏರುತ್ತದೆ. ಆಮೇಲೆ ಶುರುವಾಗುವುದು ಬಾಯಾರಿಕೆ. ಆರೋಗ್ಯವಾಗಿರುವ ಇಲಿ 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 10 ಮಿ.ಲೀ. ನೀರು ಕುಡಿಯುತ್ತದೆ. ಡಯಾಬಿಟಿಸ್ ಬಂದ ಒಂದು ಇಲಿ ದಿನಕ್ಕೆ 100 ಮಿ.ಲೀ. ದಾಟಿಸುವುದು ಸಾಮಾನ್ಯ. ಒಂದು ಕೇಜಿನಲ್ಲಿ ಮೂರು ಇಲಿಗಳಿದ್ದರೆ ಸಂಜೆ ತುಂಬಿಸಿದ ಬಾಟಲಿ ಬೆಳಿಗ್ಗೆ ಖಾಲಿ. ಕುಡಿದದ್ದೆಲ್ಲ ಮೂತ್ರವಾಗಿ ಹೋಗಿ ಕೆಳಗಿನ ಭತ್ತದ ಹೊಟ್ಟು ತೊಯ್ದು ಹೋಗಿರುತ್ತದೆ, ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ಇದೆಲ್ಲ ಗೊತ್ತಿದ್ದೇ ಫಾರ್ಮ್ ಬಿಯಲ್ಲಿ, ಅಂದರೆ ಕಮಿಟಿಯ ಅನುಮತಿಗೆ ಹಾಕುವ ಅರ್ಜಿಯಲ್ಲಿ, ಬರೆದುಕೊಟ್ಟಿದ್ದೆ. ದಿನಕ್ಕೆ ಎರಡು ಸಲ ನೀರು, ದಿನಾ ಹೊಟ್ಟು ಬದಲಾವಣೆ, ದಿನಾ ತೂಕ. ನೋಡಿಕೊಳ್ಳುವವರು ಅನ್ನುವ ಕಡೆ ನನ್ನ ಹೆಸರು.

ದಸರಾ ಬಂತು. ಆಯುಧ ಪೂಜೆ, ವಿಜಯದಶಮಿ, ಅದಕ್ಕೆ ಅಂಟಿಕೊಂಡೇ ಭಾನುವಾರ. ಅನಿಮಲ್ ಹೌಸ್ ಅಟೆಂಡರ್ ಅಣ್ಣ ಊರಿಗೆ ಹೋದರು. ನಾನೂ ಹೋದೆ. ಬದಲಿಗೆ ಬಂದ ಹುಡುಗ ಎಲ್ಲ ಇಲಿಗಳಿಗೂ ಒಂದೇ ಲೆಕ್ಕದಲ್ಲಿ ನೀರು ಹಾಕಿದ. ಡಯಾಬಿಟಿಸ್ ಇಲಿಗಳ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ರ‍್ಯಾಕಿನ ಮೇಲಿನ ಸಾಲಿನ ಬಾಟಲಿಗಳು ಖಾಲಿಯಾಗಿದ್ದು ಅವನ ಕಣ್ಣಿಗೇ ಬಿದ್ದಿರಲಿಲ್ಲ. ಆ ಸಾಲಿನಲ್ಲಿದ್ದದ್ದು ನನ್ನ ಹೈ ಡೋಸ್ ಗುಂಪು, ಅಂದರೆ ಗಿಡದ ಸಾರ ಹೆಚ್ಚು ಕೊಡುತ್ತಿದ್ದ ಡಯಾಬಿಟಿಸ್ ಇಲಿಗಳು.

ವಾಪಸ್ ಬಂದಾಗ ಒಂದು ಇಲಿ ಸತ್ತಿತ್ತು. ಉಳಿದವು ಬೆನ್ನು ಬಾಗಿಸಿ, ರೋಮ ನಿಮಿರಿಸಿಕೊಂಡು ಮೂಲೆಯಲ್ಲಿ ಕೂತಿದ್ದವು. ಕಣ್ಣಿನ ಸುತ್ತ ಕೆಂಪು. ಅದು ರಕ್ತ ಅಲ್ಲ, ಪೋರ್ಫೈರಿನ್. ಇಲಿ ಕಷ್ಟದಲ್ಲಿದ್ದಾಗ ಅದು ಜಾಸ್ತಿ ಒಸರುತ್ತದೆ. ಬೆನ್ನಿನ ಚರ್ಮ ಎತ್ತಿ ಬಿಟ್ಟರೆ ಹಾಗೇ ನಿಂತುಬಿಡುತ್ತಿತ್ತು, ಅಂದರೆ ಮೈಯಲ್ಲಿ ನೀರಿಲ್ಲ. ಬಾಟಲಿ ಇಟ್ಟ ತಕ್ಷಣ ಒಂದರ ಮೇಲೊಂದು ಬಿದ್ದು ಕುಡಿದವು. ಮರುದಿನ ಸ್ಟಡಿ ಮುಗಿಸುವ ದಿನ, ರಕ್ತ ತೆಗೆಯಬೇಕು. ಆ ರಾತ್ರಿ ಕೂತು ರಜೆಯ ದಿನಗಳನ್ನು ತುಂಬಿಸಿದೆ. ತೂಕ, ರಜೆಗೆ ಮುಂಚಿನದಕ್ಕೆ ಒಂದೆರಡು ಗ್ರಾಂ ಹೆಚ್ಚು ಕಡಿಮೆ. ನೀರು, ಕೊಟ್ಟಿದೆ. ಸ್ಥಿತಿ, ನಾರ್ಮಲ್.

ಈ ಕಥೆ ಕೇಳಿದವರೆಲ್ಲ ನನ್ನ ತಪ್ಪು ಊರಿಗೆ ಹೋದದ್ದು ಅನ್ನುತ್ತಾರೆ. ಅದು ತಪ್ಪೇ, ಆ ಇಲಿ ಸತ್ತದ್ದು ಅದರಿಂದಲೇ. ಆದರೆ ಮುಂದಿನದೆಲ್ಲ ನಡೆದದ್ದು ಆ ರಾತ್ರಿ ಬರೆದ ಅಂಕಿಗಳಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಮಾಡಹೊರಟಿರುವುದೂ ಇದನ್ನೇ.

ರಿಪೋರ್ಟ್ ಬಂದಾಗ ಹೈ ಡೋಸ್ ಗುಂಪಿನ ರಕ್ತದಲ್ಲಿ, ಕಿಡ್ನಿ ಹೊರಹಾಕಬೇಕಾದ ಯೂರಿಯಾ, ಕ್ರಿಯಾಟಿನಿನ್ ಎರಡೂ ಏರಿದ್ದವು. ಮೈಯಲ್ಲಿ ನೀರು ಕಮ್ಮಿಯಾದರೆ ಕಿಡ್ನಿಗೆ ಹರಿಯುವ ರಕ್ತವೂ ಕಮ್ಮಿಯಾಗಿ ಇವೆರಡೂ ಏರುತ್ತವೆ. ಕೊಟ್ಟ ಸಾರವೇ ಕಿಡ್ನಿಯನ್ನು ಕೆಡಿಸಿದರೂ ಏರುತ್ತವೆ. ರಕ್ತದ ಅಂಕಿ ನೋಡಿ ಎರಡರಲ್ಲಿ ಯಾವುದು ಅಂತ ನಮ್ಮ ಗೈಡ್ ಹೇಳುವಂತಿರಲಿಲ್ಲ. ಹೇಳಬೇಕಾಗಿದ್ದದ್ದು ಡೈಲಿ ಶೀಟ್. ಅವರು ತೆರೆದು ನೋಡಿದರು. ನೀರು ಕೊಟ್ಟಿದೆ, ನಾರ್ಮಲ್. ಹಾಗಾದರೆ ಈ ಡೋಸ್ ಕಿಡ್ನಿಗೆ ಕೆಟ್ಟದ್ದು ಅಂತ ತೀರ್ಮಾನಕ್ಕೆ ಬಂದರು. ನಾನು ಎದುರಿಗೇ ಕೂತು ಸುಮ್ನೆ ಇದ್ದೆ. ಕಮ್ಮಿ ಡೋಸ್‌ನಲ್ಲಿ ಇನ್ನೊಂದು ಗುಂಪು ಮಾಡೋಣ ಅಂದರು. ಹೆಚ್ಚಿನ ಇಲಿಗಳಿಗೆ ಕಮಿಟಿಗೆ ಅರ್ಜಿ ಹೋಯಿತು, ಅನುಮತಿ ಬಂತು, ಇಲಿಗಳೂ ಬಂದವು. ಅವಕ್ಕೂ ಸೂಜಿ ಚುಚ್ಚಿ ಡಯಾಬಿಟಿಸ್ ಬರಿಸಿದೆವು. ಆ ಇಲಿಗಳು ಬೇಕಾಗಿಯೇ ಇರಲಿಲ್ಲ. ನನ್ನ ಸುಳ್ಳಿಗೆ ಉತ್ತರ ಹುಡುಕಲು ಅವನ್ನು ತಂದಿದ್ದೆವು. ಕಾಲಂ ಖಾಲಿ ಬಿಟ್ಟಿದ್ದರೆ ಗೈಡ್ ಒಂದೇ ಪ್ರಶ್ನೆ ಕೇಳುತ್ತಿದ್ದರು, ‘ಈ ದಿನಗಳಲ್ಲಿ ಏನಾಯ್ತು?’ ಅಲ್ಲಿಗೇ ಮುಗಿಯುತ್ತಿತ್ತು.

ಕಂಡುಹಿಡಿದದ್ದು ಕಮಿಟಿಯ ವೆಟರ್ನರಿ ಡಾಕ್ಟ್ರು. ಹೊಸ ಇಲಿಗಳನ್ನು ನೋಡಲು ಹೇಳದೆ ಕೇಳದೆ ಬಂದವರು ಹಳೇ ಶೀಟ್ ತಿರುವಿದರು. ‘ರಜೆಯ ಕೊನೇ ದಿನ 212 ಗ್ರಾಂ, ಮರುದಿನ 180. ಒಂದೇ ರಾತ್ರೀಲಿ ಇಷ್ಟು ಇಳಿಯತ್ತೇನಮ್ಮಾ?’ ಎಂದು ಕೇಳಿದರು. ಇಳಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಎಲ್ಲ ಹೇಳಿಬಿಟ್ಟೆ. ಹೊಸ ಪ್ರಯೋಗ ಅಲ್ಲೇ ನಿಂತಿತು. ಹೈ ಡೋಸ್ ಗುಂಪಿನ ಡೇಟಾ ಪೂರ್ತಿ ಕೈಬಿಡಬೇಕಾಯಿತು. ನನ್ನ ಜೊತೆಯವರು ಥೀಸಿಸ್ ಕೊಟ್ಟು ಕೆಲಸಕ್ಕೆ ಸೇರಿದರು, ನಾನು ಮತ್ತೆ ಶುರು ಮಾಡಿದೆ. ಗೈಡ್ ಜೊತೆಗಿನ ಮಾತುಕತೆ ಮೊದಲಿನಂತೆ ಆಗಲೇ ಇಲ್ಲ.

ಈಗ ಬೇರೆ ಕಡೆ ಅನಿಮಲ್ ಹೌಸ್ ನೋಡಿಕೊಳ್ಳುತ್ತೇನೆ, ಅಲ್ಲಿನ ಕಮಿಟಿಯಲ್ಲೂ ಇದ್ದೇನೆ. ಇನ್ಸ್‌ಪೆಕ್ಷನ್ ‘ಪಾಸ್ ಆಗೋದು’ ಹೇಗೆ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ 15ನೇ ಸೆಕ್ಷನ್‌ನಿಂದ ಹುಟ್ಟಿದ್ದು, ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಸಮಿತಿ. ನಾನು ಓದುವಾಗ ಸಿಪಿಸಿಎಸ್‌ಇಎ ಅನ್ನುತ್ತಿದ್ದೆವು, ಈಗ ಸಿಸಿಎಸ್‌ಇಎ. ಅದರ ನಿಯಮದಂತೆ ಕಾಲೇಜಿನ ಕಮಿಟಿಯಲ್ಲಿ ವೆಟ್ ಡಾಕ್ಟ್ರು, ಹೊರಗಿನ ವಿಜ್ಞಾನಿ, ಕೇಂದ್ರದ ನಾಮಿನಿ, ವಿಜ್ಞಾನದವರಲ್ಲದ ಒಬ್ಬರು, ಎಲ್ಲರೂ ಇರಬೇಕು. ಆ ಕಾಯ್ದೆಯಲ್ಲಿ ಪ್ರಯೋಗದ ನಿಯಮ ಮುರಿದವರಿಗೆ ಬರೆದ ದಂಡ 200 ರೂಪಾಯಿವರೆಗೆ, ಅಷ್ಟೇ. ಪ್ರಯೋಗವನ್ನೇ ನಿಲ್ಲಿಸುವ ಅಧಿಕಾರ ಇದೆ, ಅದು ದೊಡ್ಡದು. ಆದರೆ ರಜೆಯ ದಿನ ಬಾಟಲಿ ಖಾಲಿಯಾಗಿದ್ದು ಯಾವ ನಾಮಿನಿಗೂ ಕಾಣುವುದಿಲ್ಲ. ಕಾಣುವುದು ನಿಮಗೆ, ಅಟೆಂಡರ್‌ಗೆ, ಆ ಶೀಟ್‌ಗೆ.

ಕಮಿಟಿಗಳ ಮೇಲೂ ನನಗೆ ಸಿಟ್ಟಿದೆ. ಅನುಮತಿ ಕೊಡುವ ದಿನ ಎಷ್ಟು ಇಲಿ, ಯಾಕೆ ಇಷ್ಟು ಅಂತ ಗಂಟೆಗಟ್ಟಲೆ ಕೇಳುತ್ತಾರೆ. ಆಮೇಲೆ ಎಷ್ಟೋ ಕಡೆ ಯಾರೂ ಆ ರೂಮಿನ ಬಾಗಿಲು ತೆಗೆಯುವುದಿಲ್ಲ. ಡಾಕ್ಟ್ರು ಹೇಳದೇ ಬರಬೇಕು, ರಜೆಯಲ್ಲೂ ಬರಬೇಕು. ನಮ್ಮಲ್ಲಿ ಈಗ ಹಾಗೇ ಮಾಡುತ್ತೇವೆ. ಶೀಟ್ ಫೈಲಿನಲ್ಲಿ ಇರುವುದಿಲ್ಲ, ಕೇಜಿಗೇ ಕಟ್ಟಿರುತ್ತದೆ. ಕೇಜಿನ ಮುಂದೆ ನಿಂತವರೇ ಬರೆಯಬೇಕು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಖಾಲಿ ದಿನಗಳಿಗೆ ಅಡ್ಡಗೆರೆ ಎಳೆದು ‘ನೋಡಿಲ್ಲ’ ಅಂತ ಬರೆಯಿರಿ. ಬರೆದ ದಿನದ, ಅಂದರೆ ಇವತ್ತಿನ ತಾರೀಖು ಹಾಕಿ ಸಹಿ ಮಾಡಿ. ಮೊದಲು ಗೈಡ್‌ಗೆ ಹೇಳಿ. ಅವರು ‘ಏನಾದ್ರೂ ಹಾಕಿಬಿಡು’ ಅಂದರೆ ನೇರವಾಗಿ ವೆಟ್ ಡಾಕ್ಟ್ರ ಹತ್ತಿರ ಹೋಗಿ, ಬರವಣಿಗೆಯಲ್ಲೇ ಕೊಡಿ. ಬೈಸಿಕೊಳ್ಳುತ್ತೀರಿ. ಗೈಡ್ ಮುನಿಸಿಕೊಂಡರೆ ಕಷ್ಟ, ನಿಜ. ಆದರೂ ಖಾಲಿ ಕಾಲಂ ಒಂದಕ್ಕೇ ಪ್ರಾಜೆಕ್ಟ್ ನಿಂತದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದಿನ ಗುಂಪಿಗೆ ಸ್ಟ್ರೆಪ್ಟೊಜೊಟೊಸಿನ್ ಶುಕ್ರವಾರ ಕೊಡುವ ಪ್ಲಾನ್ ಇದ್ದರೆ ಸೋಮವಾರಕ್ಕೆ ಹಾಕಿಕೊಳ್ಳಿ. ಸಾಯುವ ಕೋಶಗಳಿಂದ ಇನ್ಸುಲಿನ್ ಒಮ್ಮೆಲೇ ಹೊರಬಂದು ಮೊದಲ ದಿನ ಸಕ್ಕರೆ ತೀರಾ ಇಳಿಯುತ್ತದೆ. ಆ ರಾತ್ರಿ ಬಾಟಲಿಯಲ್ಲಿ ಗ್ಲೂಕೋಸ್ ನೀರು ಇರಬೇಕು, ರೂಮಿನಲ್ಲಿ ನೀವು ಇರಬೇಕು.