ಪ್ಲೇಟ್‌ಲೆಟ್ ಸರಿಯಿದ್ದರೆ ಡೆಂಗಿ ಅಲ್ಲವೇ?

ಪ್ರಶ್ನೆ: ಮಗನಿಗೆ 19 ವರ್ಷ. ನಿನ್ನೆಯಿಂದ ಜೋರು ಜ್ವರ, ಕಣ್ಣಿನ ಹಿಂದೆ ನೋವು. ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದೆವು: ಹಿಮೋಗ್ಲೋಬಿನ್ 13.4, ಬಿಳಿ ರಕ್ತಕಣ 3,400, ಪ್ಲೇಟ್‌ಲೆಟ್ 1.85 ಲಕ್ಷ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 40. ‘ಪ್ಲೇಟ್‌ಲೆಟ್ ಚೆನ್ನಾಗಿದೆ, ಡೆಂಗಿ ಅಲ್ಲ’ ಎಂದರು. ನಂಬಬಹುದೇ?
– ಸಾಗರದ ಓದುಗರೊಬ್ಬರು

ಉತ್ತರ: ಎರಡನೇ ದಿನದ ಪ್ಲೇಟ್‌ಲೆಟ್ ನೋಡಿ ಹಾಗೆ ಹೇಳಲು ಬರುವುದಿಲ್ಲ. ಡೆಂಗಿಯಲ್ಲಿ ಮೊದಲು ಇಳಿಯುವುದು ಸಾಮಾನ್ಯವಾಗಿ ಬಿಳಿ ರಕ್ತಕಣ. ಪ್ಲೇಟ್‌ಲೆಟ್ ಕುಸಿಯುವುದು ಮೂರನೇ ದಿನದ ನಂತರ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ಅನುಮಾನ ಹುಟ್ಟಿಸುವ ಅಂಕಿ 3,400. ಅದನ್ನು ಯಾರೂ ಗಮನಿಸಿದಂತಿಲ್ಲ.

ಹಾಗಂತ ಸಿಬಿಸಿಯಿಂದ ಡೆಂಗಿ ಖಚಿತವೂ ಆಗುವುದಿಲ್ಲ. ಮಲೇರಿಯಾ, ಇಲಿಜ್ವರಗಳಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ನಿಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯೂ ಇದೆ. ಅದರಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ತಗ್ಗುತ್ತವೆ. ಮಗ ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಂಗನ ಕಾಯಿಲೆಗೆ ಆರ್‌ಟಿ-ಪಿಸಿಆರ್ ಬೇರೆಯೇ ಮಾಡಿಸಬೇಕು.

ಡೆಂಗಿಗೆ ಈಗ ಬೇಕಾದದ್ದು ಎನ್‌ಎಸ್1 ಎಲೈಸಾ, ಅಂದರೆ ರಕ್ತದಲ್ಲಿ ಡೆಂಗಿ ವೈರಾಣುವಿನ ಪ್ರೋಟೀನ್ ಹುಡುಕುವ ಲ್ಯಾಬ್ ಪರೀಕ್ಷೆ. ಜ್ವರ ಶುರುವಾದ ದಿನವನ್ನು ಒಂದು ಎಂದು ಎಣಿಸಿ. ಐದನೇ ದಿನದೊಳಗೆ ಎನ್‌ಎಸ್1, ಆಮೇಲೆ ಐಜಿಎಂ ಎಲೈಸಾ (ಹೊಸ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯದ ಪರೀಕ್ಷೆ). ಎರಡನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್’ ಎಂದು ನಿರಾಳರಾಗುವವರು ಬಹಳ. ಆ ಹೊತ್ತಿಗೆ ದೇಹದಲ್ಲಿ ಆ ಪ್ರತಿಕಾಯ ಹುಟ್ಟಿಯೇ ಇರುವುದಿಲ್ಲ. ಹಿಂದೊಮ್ಮೆ ಡೆಂಗಿ ಬಂದವರಲ್ಲಿ ಎನ್‌ಎಸ್1 ಬೇಗ ಮಾಯವಾಗಬಹುದು, ಅದಕ್ಕೇ ನೆಗೆಟಿವ್ ಬಂದರೂ ಅನುಮಾನ ಉಳಿದರೆ ಐಜಿಎಂ ಬಿಡಬೇಡಿ. ಬೇಗ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್‌ನಲ್ಲಿ ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಗೆರೆ ಮಾತ್ರ ಬಂದರೆ ಅದು ಹಳೆಯ ಸೋಂಕಿನ ಗುರುತಿರಬಹುದು. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ಎನ್‌ಎಸ್1, ಐಜಿಎಂ ಎಲೈಸಾಗೆ ತಲಾ 300 ರೂಪಾಯಿ ಗರಿಷ್ಠ ದರ ಗೊತ್ತುಮಾಡಿತ್ತು.

ಸಿಬಿಸಿಯ ನಿಜವಾದ ಉಪಯೋಗ ಮುಂದಿದೆ. ಮೂರನೇ ದಿನದಿಂದ ದಿನಕ್ಕೊಮ್ಮೆ, ಸಾಧ್ಯವಾದಷ್ಟು ಅದೇ ಲ್ಯಾಬ್‌ನಲ್ಲಿ ಮಾಡಿಸಿ. ಪ್ಲೇಟ್‌ಲೆಟ್ ಜೊತೆ ಪಿಸಿವಿ ನೋಡಿ. ಈಗಿನ 40 ನಿಮ್ಮ ಅಳತೆಗೋಲು. ಅದು 48ರತ್ತ ಏರುತ್ತಿದ್ದರೆ, ಅಂದರೆ ಶೇ 20ರಷ್ಟು ಹೆಚ್ಚಿದರೆ, ರಕ್ತನಾಳದಿಂದ ದ್ರವ ಸೋರುತ್ತಿದೆ ಎಂದರ್ಥ. ತಕ್ಷಣ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕಿದ ಮೇಲೆ ತೆಗೆದ ರಕ್ತದಲ್ಲಿ ಪಿಸಿವಿ ಕಡಿಮೆ ಕಾಣಬಹುದು, ಆ ಅಂಕಿಯನ್ನು ಹೋಲಿಸುವಾಗ ಜೋಪಾನ.

ಪ್ಲೇಟ್‌ಲೆಟ್ ದಿಢೀರನೆ 30,000 ಎಂದು ಬಂದು, ಹುಡುಗ ಓಡಾಡಿಕೊಂಡಿದ್ದರೆ ಸ್ಮಿಯರ್ (ಗಾಜಿನ ಮೇಲೆ ಹಚ್ಚಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ) ನೋಡಲು ಹೇಳಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಗುಂಪುಗೂಡುತ್ತವೆ, ಯಂತ್ರಕ್ಕೆ ಲೆಕ್ಕ ಸಿಗುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿದರೆ ಸಾಮಾನ್ಯವಾಗಿ ನಿಜ ತಿಳಿಯುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಜ್ವರ ಬಿಟ್ಟಿತೆಂದು ಸಿಬಿಸಿ ನಿಲ್ಲಿಸಬೇಡಿ: ಸೋರಿಕೆ ಹೆಚ್ಚುವುದು ಆಗಲೇ. ನಂತರದ 48 ಗಂಟೆಯಲ್ಲಿ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಸೇರಿಸಿ.